ಪರವಲಯ ಹಿಗ್ಗುವುದೆಂತು, ಕುಗ್ಗುವುದೆಂತು?

ರಾತ್ರಿ ಓದುವ ನಮ್ಮ ತರುಣರಿಗೂ ಅವರಿಗೆ ಹೇಳಿಕೊಡುವ ಹಿರಿಯರಿಗೂ

ಊರು ಬಿಟ್ಟು ಬಂದು ಮುಂಬಯಿ, ಪುಣೆ, ಹೈದರಾಬಾದುಗಳ ಹೋಟೆಲುಗಳಲ್ಲಿ ದುಡಿಯುವ ನಮ್ಮ ತರುಣರಲ್ಲಿ, ಹಗಲೆಲ್ಲ ಗಿರಾಕಿಗಳ ಮುಂದೆ ನಿಂತು ರಾತ್ರಿ ಪುಸ್ತಕ ಹಿಡಿಯುವವರು ಹಿಂದೆಯೂ ಇದ್ದರು, ಇಂದಿಗೂ ಇದ್ದಾರೆ. ಕೆಲವರು ರಾತ್ರಿಶಾಲೆಗೆ ಹೋಗುತ್ತಾರೆ. ಇನ್ನು ಕೆಲವರು, 1989ರಲ್ಲಿ ರಾಷ್ಟ್ರೀಯ ಮುಕ್ತ ಶಾಲೆಯೆಂದು ಆರಂಭವಾಗಿ ಈಗ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯೆಂದು ಹೆಸರಾಗಿರುವ ಸಂಸ್ಥೆಯ ಪರೀಕ್ಷೆಗೆ ಹಣ ಕಟ್ಟಿ, ತಾವಾಗಿಯೇ ಓದಿಕೊಳ್ಳುತ್ತಾರೆ. ಹತ್ತನೆಯ ತರಗತಿಯ ಪ್ರಮಾಣಪತ್ರವೊಂದು ಕೈಸೇರಿದರೆ ಐ.ಟಿ.ಐ.ಗೆ, ಡಿಪ್ಲೊಮಾಕ್ಕೆ, ಗುಮಾಸ್ತೆಯ ಪರೀಕ್ಷೆಗಳಿಗೆ ದಾರಿ ತೆರೆಯುವುದೆಂಬ ಆಸೆಯೇ ಅವರ ನಿದ್ದೆಗೆಟ್ಟ ಕಣ್ಣುಗಳಿಗೆ ಆಧಾರ.

ಇಂಥವರಲ್ಲಿ ಅನೇಕರು ಭಾಷೆ, ಇತಿಹಾಸ, ಭೂಗೋಳಗಳನ್ನು ಹೇಗೋ ದಾಟಿಕೊಳ್ಳುತ್ತಾರೆ; ಗಣಿತಕ್ಕೆ ಬಂದಾಗ ಮುಗ್ಗರಿಸುತ್ತಾರೆ. ಗಣಿತದಲ್ಲಿಯೂ ಕೂಡು ಕಳೆಯುವ ಲೆಕ್ಕ ಅವರಿಗೆ ಕಷ್ಟವಲ್ಲ. ನಾಲ್ಕು ಮೇಜುಗಳ ಬಿಲ್ಲನ್ನು ಬಾಯಿಯಲ್ಲಿಯೇ ಹೇಳಬಲ್ಲ ಮಾಣಿಗೆ ಯಾವ ಕೂಡಿಕೆ ಕಷ್ಟವಾದೀತು? ಕಷ್ಟವಾಗುವುದು ಬೀಜಗಣಿತ, ಅದರಲ್ಲಿಯೂ ನಕ್ಷೆಯ ಕಾಗದದ ಮೇಲೆ ಬರೆಯುವ ಆ ಬಾಗಿದ ಗೆರೆ. ವರ್ಗ ಬಹುಪದೋಕ್ತಿಯ ನಕ್ಷೆ ಎಂದು ಪುಸ್ತಕಗಳು ಕರೆಯುವ ಈ ವಿಷಯವು ಹತ್ತನೆಯ ತರಗತಿಯಲ್ಲಿ ಮೊದಲು ಕಾಣಿಸಿಕೊಂಡು, ಮುಂದೆ ಪಿ.ಯು.ಸಿ., ಡಿಪ್ಲೊಮಾಗಳಲ್ಲಿಯೂ ಬೆನ್ನು ಬಿಡದೆ ಬರುತ್ತದೆ. ಇಲ್ಲಿ ಕಾಲು ಜಾರಿದವನು "ಗಣಿತ ನನಗೆ ಬಂದದ್ದಲ್ಲ" ಎಂದು ಪುಸ್ತಕವನ್ನು ಟ್ರಂಕಿನೊಳಗೆ ಹಾಕಿಬಿಡುತ್ತಾನೆ. ಆ ಟ್ರಂಕು ಮತ್ತೆ ತೆರೆಯುವುದು ಅಪರೂಪ.

ಆದುದರಿಂದ ಈ ಒಂದು ವಿಷಯವನ್ನು ಮಾತ್ರ ತೆಗೆದುಕೊಂಡು, ಹೋಟೆಲಿನ ಹಾಗೂ ಕಚೇರಿಯ ಭಾಷೆಯಲ್ಲಿಯೇ ಅದನ್ನು ಬಿಡಿಸಿ ಹೇಳುವುದು ಈ ಲೇಖನದ ಉದ್ದೇಶ. ಹೇಳಬೇಕಾದ ಮಾತು ಮೂಲತಃ ಒಂದೇ: ಪರವಲಯವು ಹಿಗ್ಗುವುದೂ ಕುಗ್ಗುವುದೂ ಗುಣಾಕಾರದಿಂದ. ಆ ಗುಣಾಕಾರವನ್ನು ಕೈಯಾರೆ ಮಾಡಿದವನಿಗೆ ನಿಯಮವನ್ನು ಬಾಯಿಪಾಠ ಮಾಡುವ ಅಗತ್ಯವೇ ಬೀಳದು.

ಗೆರೆಯ ಹುಟ್ಟು

ಒಂದು ಸಂಖ್ಯೆಯನ್ನು ಅದರಿಂದಲೇ ಗುಣಿಸಿದರೆ ವರ್ಗ ದೊರೆಯುವುದು ಎಲ್ಲರಿಗೂ ಗೊತ್ತು. 1ರ ವರ್ಗ 1, 2ರದು 4, 3ರದು 9, 4ರದು 16. ಋಣಸಂಖ್ಯೆಯ ವರ್ಗವೂ ಧನವೇ: ಮೈನಸ್ 2ನ್ನು ಮೈನಸ್ 2ರಿಂದ ಗುಣಿಸಿದರೆ 4. ಈಗ ನಕ್ಷೆಯ ಕಾಗದದ ಮೇಲೆ ಅಡ್ಡಗೆರೆಯೊಂದನ್ನು ಎಳೆದು ಎಕ್ಸ್ ಅಕ್ಷವೆಂದೂ, ನಿಲುಗೆರೆಯೊಂದನ್ನು ಎಳೆದು ವೈ ಅಕ್ಷವೆಂದೂ ಕರೆಯೋಣ. ಅಡ್ಡಗೆರೆಯ ಮೇಲೆ ಸಂಖ್ಯೆಯನ್ನು ಹಿಡಿದು, ಅದರ ವರ್ಗದಷ್ಟು ಎತ್ತರಕ್ಕೆ ಚುಕ್ಕೆಯಿಡುತ್ತ ಹೋದರೆ, ಚುಕ್ಕೆಗಳೆಲ್ಲ ಸೇರಿ ಮೇಲ್ಮುಖವಾದ ಬಟ್ಟಲಿನ ಆಕಾರ ತಾಳುತ್ತವೆ. ಇದೇ ವೈ = ಎಕ್ಸ್² ಎಂಬ ಪರವಲಯ. ಬಟ್ಟಲಿನ ತಳದ ಬಿಂದುವಿಗೆ ಶೃಂಗವೆಂದು ಹೆಸರು.

ಈ ಗೆರೆಯ ವಿಚಾರ ಬಹಳ ಹಳೆಯದು. ಶಂಕುವನ್ನು ಕತ್ತರಿಸಿದಾಗ ಈ ಆಕಾರ ದೊರೆಯುವುದನ್ನು ಕ್ರಿಸ್ತಪೂರ್ವದಲ್ಲಿಯೇ ಗ್ರೀಕರು ಬಲ್ಲರು. ಅದಕ್ಕೆ ಪಾಶ್ಚಾತ್ಯರು ಇಂದು ಬಳಸುವ ಹೆಸರನ್ನು ಕೊಟ್ಟವನು ಪೆರ್ಗದ ಅಪೊಲೋನಿಯಸನು. ಸಮೀಕರಣವನ್ನೂ ಗೆರೆಯನ್ನೂ ಒಂದಕ್ಕೊಂದು ಗಂಟುಹಾಕಿದವರಲ್ಲಿ ಮುಖ್ಯನು ಫ್ರಾನ್ಸಿನ ರೆನೆ ದೆಕಾರ್ತ. ಅವನ ಜ್ಯಾಮಿತಿಯ ಗ್ರಂಥ ಅಚ್ಚಾದದ್ದು 1637ರಲ್ಲಿ. ವರ್ಗಸಮೀಕರಣವನ್ನು ಬಿಡಿಸುವ ವಿದ್ಯೆಯಾದರೋ ನಮ್ಮ ನಾಡಿಗೂ ಹೊಸದಲ್ಲ. ರಾಷ್ಟ್ರಕೂಟ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯನು ಬರೆದ ಗಣಿತಸಾರಸಂಗ್ರಹದಲ್ಲಿ ಅಂಥ ಲೆಕ್ಕಗಳು ಹಲವಿವೆ. ಋಣಸಂಖ್ಯೆಯು ಯಾವುದರ ವರ್ಗವೂ ಅಲ್ಲವಾದ್ದರಿಂದ ಅದಕ್ಕೆ ವರ್ಗಮೂಲವಿಲ್ಲವೆಂದು ಆತನು ಹೇಳಿದ್ದಾನೆ. ವೈ = ಎಕ್ಸ್² ಎಂಬ ನಕ್ಷೆಯನ್ನು ನೋಡಿದರೆ ಆ ಮಾತು ಕಣ್ಣಿಗೇ ಕಾಣುತ್ತದೆ: ಗೆರೆಯ ಯಾವ ಭಾಗವೂ ಅಡ್ಡಗೆರೆಯ ಕೆಳಕ್ಕೆ ಇಳಿಯುವುದಿಲ್ಲ.

ದೋಸೆಯ ಕಾವಲಿಯ ಮೇಲೆ

ಇಷ್ಟರವರೆಗೆ ಸಾಮಾನ್ಯವಾಗಿ ತೊಡಕಿಲ್ಲ. ತೊಡಕು ಹುಟ್ಟುವುದು ಎಕ್ಸ್² ಎಂಬುದರ ಹಿಂದೆ ಒಂದು ಸಂಖ್ಯೆ ಬಂದು ನಿಂತಾಗ. ವೈ = 2 ಎಕ್ಸ್² ಎಂದರೇನು? ವೈ = ½ ಎಕ್ಸ್² ಎಂದರೇನು? ಇದನ್ನು ತಿಳಿಯಲು ಕಾವಲಿಯ ಬಳಿ ಹೋಗೋಣ.

ದೋಸೆ ದುಂಡಗಿನದು. ಅದರ ಅಗಲ ಹೆಚ್ಚಿದಂತೆ ಬೇಕಾಗುವ ಹಿಟ್ಟು ವರ್ಗದ ಪ್ರಮಾಣದಲ್ಲಿ ಹೆಚ್ಚುತ್ತದೆ. ನಡುವಿನಿಂದ ಅಂಚಿನವರೆಗಿನ ಅಳತೆ ಎರಡರಷ್ಟಾದರೆ ಹಿಟ್ಟು ನಾಲ್ಕರಷ್ಟು, ಮೂರರಷ್ಟಾದರೆ ಒಂಬತ್ತರಷ್ಟು. ಕಾವಲಿಯ ಮುಂದೆ ನಾಲ್ಕು ದಿನ ನಿಂತ ಯಾವನಿಗೂ ಇದು ಕೈಗೆ ಗೊತ್ತಿರುವ ಮಾತು. ಲೆಕ್ಕ ಸುಲಭವಾಗಲೆಂದು, ನಡುವಿನಿಂದ ಅಂಚಿಗೆ 1 ಅಳತೆಯಿರುವ ಸಾದಾ ದೋಸೆಗೆ 1 ಸೌಟು ಹಿಟ್ಟು ಸಾಕೆಂದು ಇಟ್ಟುಕೊಳ್ಳೋಣ. ಆಗ 2 ಅಳತೆಯ ದೋಸೆಗೆ 4 ಸೌಟು, 3 ಅಳತೆಯದಕ್ಕೆ 9 ಸೌಟು.

ಈಗ ಒಬ್ಬ ಗಿರಾಕಿಯು ಎರಡರಷ್ಟು ದಪ್ಪದ ದೋಸೆ ಬೇಕೆಂದನು. ಪ್ರತಿಯೊಂದು ಅಳತೆಗೂ ಹಿಟ್ಟು ಇಮ್ಮಡಿಯಾಯಿತು. ಇನ್ನೊಬ್ಬನು ಪೇಪರ್ ದೋಸೆ ಬೇಕೆಂದನು. ಅದರ ದಪ್ಪ ಸಾದಾ ದೋಸೆಯ ಅರ್ಧವೆಂದು ಹಿಡಿದರೆ, ಪ್ರತಿಯೊಂದು ಅಳತೆಗೂ ಹಿಟ್ಟು ಅರ್ಧವಾಯಿತು. ಇದನ್ನು ಕಾಗದದ ಮೇಲೆ ಹೀಗೆ ಬರೆಯಬಹುದು:

ಅಳತೆ (ಎಕ್ಸ್): 0, 1, 2, 3, 4
ಸಾದಾ (ಎಕ್ಸ್²): 0, 1, 4, 9, 16
ದಪ್ಪ (2 ಎಕ್ಸ್²): 0, 2, 8, 18, 32
ಪೇಪರ್ (½ ಎಕ್ಸ್²): 0, ½, 2, 4½, 8

ಎಕ್ಸ್² ಎಂಬುದರ ಹಿಂದೆ ನಿಂತ ಸಂಖ್ಯೆಯು ಇಲ್ಲಿ ದಪ್ಪದ ಲೆಕ್ಕವಲ್ಲದೆ ಬೇರೇನಲ್ಲ. ಪುಸ್ತಕಗಳಲ್ಲಿ ಅದನ್ನು ಎ ಎಂಬ ಅಕ್ಷರದಿಂದ ಸೂಚಿಸಿ ಗುಣಕವೆನ್ನುತ್ತಾರೆ. ಮೂರು ಸಾಲುಗಳನ್ನೂ ಒಂದೇ ಕಾಗದದ ಮೇಲೆ ಚುಕ್ಕೆಗಳಾಗಿ ಗುರುತಿಸಿದರೆ ಮೂರು ಬಟ್ಟಲುಗಳು ಒಂದರೊಳಗೊಂದು ಕುಳಿತಂತೆ ಕಾಣುವುವು. ದೋಸೆಗೆ ಋಣ ಅಳತೆಯಿಲ್ಲವಾದ್ದರಿಂದ ನಮ್ಮ ಲೆಕ್ಕ ಬಲಭಾಗವನ್ನು ಮಾತ್ರ ಕೊಡುತ್ತದೆ. ಮೈನಸ್ ಸಂಖ್ಯೆಯ ವರ್ಗವೂ ಅದೇ ಆದುದರಿಂದ ಎಡಭಾಗವು ಕನ್ನಡಿಯ ಬಿಂಬದಂತೆ ತಾನಾಗಿಯೇ ದೊರೆಯುತ್ತದೆ.

ಮೊದಲ ಅಂಕಣವನ್ನು ವಿಶೇಷವಾಗಿ ಗಮನಿಸತಕ್ಕದ್ದು. ಅಳತೆ ಸೊನ್ನೆಯಾದರೆ ದೋಸೆ ಎಷ್ಟೇ ದಪ್ಪವಿರಲಿ, ಹಿಟ್ಟೂ ಸೊನ್ನೆಯೇ. ಎಂದರೆ ಶೃಂಗವು ಅಲುಗಲಿಲ್ಲ. ಅಡ್ಡಗೆರೆಯ ಉದ್ದಕ್ಕೂ ಮೊಳೆ ಹೊಡೆದು ಬಿಗಿದಿಟ್ಟ ರಬ್ಬರು ಹಾಳೆಯನ್ನು ಮೇಲಂಚಿನಿಂದ ಹಿಡಿದು ಎಳೆದಂತೆ, ಗೆರೆಗೆ ತಗುಲಿಕೊಂಡ ಬಿಂದು ಅಲ್ಲಿಯೇ ಉಳಿಯಿತು. ಮೇಲಿನ ಬಿಂದುಗಳೆಲ್ಲ ತಮ್ಮ ತಮ್ಮ ಎತ್ತರದ ಎರಡರಷ್ಟಕ್ಕೆ ಹೋದುವು. ಇದೇ ಹಿಗ್ಗುವಿಕೆ. ½ರಿಂದ ಗುಣಿಸಿದಾಗ ಅವು ಅರ್ಧ ಎತ್ತರಕ್ಕೆ ಇಳಿದುವು. ಇದೇ ಕುಗ್ಗುವಿಕೆ.

ದೊಡ್ಡ ಸಂಖ್ಯೆ, ಇಕ್ಕಟ್ಟಾದ ಬಟ್ಟಲು

ಕಲಿಯುವವನು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಇದು: "ಅಣ್ಣಾ, 2 ಎಂಬುದು 1ಕ್ಕಿಂತ ದೊಡ್ಡದು. ಹಾಗಿದ್ದರೆ ಬಟ್ಟಲು ಅಗಲವಾಗಬೇಕಿತ್ತಲ್ಲ? ಇಕ್ಕಟ್ಟಾದದ್ದೇಕೆ?"

ಪ್ರಶ್ನೆ ಬುದ್ಧಿವಂತನದೇ ಹೊರತು ದಡ್ಡನದಲ್ಲ. ಹಿಗ್ಗುವುದೆಂದರೆ ಅಗಲವಾಗುವುದೆಂದೇ ನಮ್ಮ ದಿನಬಳಕೆಯ ಭಾವನೆ. ಇಲ್ಲಿ ಹಿಗ್ಗಿದ್ದು ಎತ್ತರ, ಅಗಲವಲ್ಲ. ಈ ಭೇದವನ್ನು ಹೇಳದೆ, "ಎ ದೊಡ್ಡದಾದರೆ ಇಕ್ಕಟ್ಟು, ಚಿಕ್ಕದಾದರೆ ಅಗಲ" ಎಂದು ಬಾಯಿಪಾಠ ಮಾಡಿಸಿದರೆ, ಪರೀಕ್ಷೆಯ ದಿನ ಅದು ತಿರುಗುಮುರುಗಾಗಿ ಬರುವುದರಲ್ಲಿ ಆಶ್ಚರ್ಯವಿಲ್ಲ.

ಉತ್ತರವನ್ನು ಮತ್ತೆ ಕಾವಲಿಯಿಂದಲೇ ಪಡೆಯೋಣ. ಪಾತ್ರೆಯಲ್ಲಿ 8 ಸೌಟು ಹಿಟ್ಟು ಉಳಿದಿದೆ. ಪೇಪರ್ ದೋಸೆ ಮಾಡಿದರೆ ಅದು 4 ಅಳತೆಯವರೆಗೆ ಹರಡೀತು. ದಪ್ಪ ದೋಸೆ ಮಾಡಿದರೆ 2 ಅಳತೆಗೇ ಹಿಟ್ಟು ಮುಗಿಯಿತು. ಸಾದಾ ದೋಸೆ ಇವೆರಡರ ನಡುವೆ, ಸುಮಾರು 2.83 ಅಳತೆಗೆ ನಿಲ್ಲುವುದು. ಹಿಟ್ಟು ಅಷ್ಟೇ, ದಪ್ಪ ಹೆಚ್ಚಿದಷ್ಟೂ ಹರವು ಕಡಿಮೆ. ನಕ್ಷೆಯಲ್ಲಿ 8ರ ಎತ್ತರಕ್ಕೆ ಅಡ್ಡಲಾಗಿ ಗೆರೆಯೊಂದನ್ನು ಎಳೆದರೆ, 2 ಎಕ್ಸ್² ಅದನ್ನು ಶೃಂಗದ ಎರಡೂ ಕಡೆ 2ರಲ್ಲಿ ಮುಟ್ಟುವುದು, ½ ಎಕ್ಸ್² ಎಂಬುದು 4ರಲ್ಲಿ ಮುಟ್ಟುವುದು. ಬೇಗ ಮೇಲೇರುವ ಗೆರೆ ಅಗಲವಾಗಲು ಅವಕಾಶ ಪಡೆಯದು. ಇಕ್ಕಟ್ಟು ಕಾಣುವುದಕ್ಕೆ ಕಾರಣ ಇಷ್ಟೇ.

ಇಲ್ಲಿ ಇನ್ನೂ ಒಂದು ಸೂಕ್ಷ್ಮವುಂಟು. ½ರಿಂದ 2ಕ್ಕೆ ಗುಣಕವು ನಾಲ್ಕು ಪಟ್ಟು ಹೆಚ್ಚಿತು. ಅಗಲವಾದರೋ ಅರ್ಧಕ್ಕೆ ಮಾತ್ರ ಇಳಿಯಿತು. ವರ್ಗದ ಲೆಕ್ಕವಾದುದರಿಂದ ಅಗಲವು ವರ್ಗಮೂಲದ ಪ್ರಮಾಣದಲ್ಲಿ ಕಡಿಮೆಯಾಗುವುದು.

ಗುಣಕಕ್ಕೆ ಮೈನಸ್ ಚಿಹ್ನೆಯಿದ್ದರೆ ಬಟ್ಟಲು ಬೋರಲಾಗುತ್ತದೆ. ಹಿಗ್ಗು ಕುಗ್ಗುಗಳನ್ನು ನಿರ್ಧರಿಸುವಾಗ ಆ ಚಿಹ್ನೆಯನ್ನು ಎಣಿಸತಕ್ಕದ್ದಲ್ಲ. ಮೈನಸ್ 2 ಎಂಬುದು ಮೈನಸ್ ½ಕ್ಕಿಂತ ಚಿಕ್ಕ ಸಂಖ್ಯೆಯಾದರೂ, ಅದರ ಬೋರಲು ಬಟ್ಟಲೇ ಹೆಚ್ಚು ಇಕ್ಕಟ್ಟಾದುದು.

ಬೋನಸ್ಸೂ ತುಟ್ಟಿಭತ್ಯೆಯೂ

ಎರಡನೆಯ ಗೊಂದಲವು ವೈ = 2 ಎಕ್ಸ್² ಮತ್ತು ವೈ = ಎಕ್ಸ್² + 2 ಎಂಬುವುಗಳ ನಡುವಿನದು. ಎರಡರಲ್ಲಿಯೂ 2 ಇದೆ. ಎರಡೂ ಗೆರೆಯನ್ನು ಮೇಲಕ್ಕೊಯ್ಯುವಂತೆ ತೋರುತ್ತವೆ. ಕಚೇರಿಯಲ್ಲಿ ಕೆಲಸ ಮಾಡುವ ನಮ್ಮ ಬಂಧುಗಳು ಇದನ್ನು ಸಂಬಳದ ಪಟ್ಟಿಯಿಂದ ಚೆನ್ನಾಗಿ ವಿವರಿಸಬಲ್ಲರು.

ಒಂದು ಕಚೇರಿಯಲ್ಲಿ 10,000, 20,000 ಮತ್ತು 30,000 ರೂಪಾಯಿ ಮೂಲವೇತನದ ಮೂವರಿದ್ದಾರೆಂದು ಭಾವಿಸೋಣ. ಹಬ್ಬಕ್ಕೆಂದು ಎಲ್ಲರಿಗೂ 2,000 ರೂಪಾಯಿ ಬೋನಸ್ಸು ಬಂದರೆ ಮೂವರೂ ಒಂದೇ ಮೆಟ್ಟಿಲು ಮೇಲೇರಿದರು. ಅವರವರ ನಡುವಣ ಅಂತರ ಮೊದಲಿನಷ್ಟೇ ಉಳಿಯಿತು. ತುಟ್ಟಿಭತ್ಯೆ ಬರುವುದು ಹಾಗಲ್ಲ. ಅದು ನೂರಕ್ಕೆ ಇಷ್ಟೆಂದು ಮೂಲವೇತನದ ಮೇಲೆ ಬರುತ್ತದೆ. ನೂರಕ್ಕೆ 10ರಂತೆ ಕೊಟ್ಟರೆ ಮೊದಲನೆಯವನಿಗೆ 1,000, ಎರಡನೆಯವನಿಗೆ 2,000, ಮೂರನೆಯವನಿಗೆ 3,000. ಅಂತರ ಹೆಚ್ಚಿತು. ಸಂಬಳವಿಲ್ಲದ ರಜೆಯಲ್ಲಿರುವವನಿಗೆ ಭತ್ಯೆಯೂ ಸೊನ್ನೆ.

ಎಕ್ಸ್² + 2 ಎಂಬುದು ಬೋನಸ್ಸಿನಂತೆ. ಚುಕ್ಕೆಗಳು 2, 3, 6, 11 ಎಂದಾಗುವುವು. ಬಟ್ಟಲಿನ ಆಕಾರ ಸ್ವಲ್ಪವೂ ಬದಲಾಗದೆ ಇಡೀ ಬಟ್ಟಲು ಎರಡು ಮನೆ ಮೇಲೇರುವುದು, ಶೃಂಗವೂ ಮೇಲೇರುವುದು. 2 ಎಕ್ಸ್² ಎಂಬುದು ತುಟ್ಟಿಭತ್ಯೆಯಂತೆ. ಚುಕ್ಕೆಗಳು 0, 2, 8, 18. ಎತ್ತರದಲ್ಲಿರುವವು ಹೆಚ್ಚು ಏರುವುವು, ಸೊನ್ನೆಯಲ್ಲಿರುವುದು ಸೊನ್ನೆಯಲ್ಲಿಯೇ ಉಳಿಯುವುದು. ಕೂಡಿಕೆಯು ಬಟ್ಟಲನ್ನು ಸ್ಥಳಾಂತರಿಸುವುದು, ಗುಣಾಕಾರವು ಅದರ ಆಕಾರವನ್ನು ಬದಲಿಸುವುದು.

ಅಲುಗದ ಬಿಂದು ಯಾವುದು?

ಮೇಲಿನ ಉದಾಹರಣೆಗಳಿಂದ "ಶೃಂಗ ಎಂದೂ ಅಲುಗದು" ಎಂದು ತಿಳಿದುಬಿಡುವ ಅಪಾಯವಿದೆ. ಅದು ಪೂರ್ತಿ ನಿಜವಲ್ಲ. ವೈ = ಎಕ್ಸ್² − 4 ಎಕ್ಸ್ + 3 ಎಂಬುದನ್ನು ನೋಡಿ. ಎಕ್ಸ್‌ಗೆ 0, 1, 2, 3, 4 ಎಂಬ ಬೆಲೆಗಳನ್ನು ಕೊಟ್ಟರೆ ವೈ ಕ್ರಮವಾಗಿ 3, 0, −1, 0, 3 ಆಗುವುದು. ಇಡೀ ಬಹುಪದೋಕ್ತಿಯನ್ನು 2ರಿಂದ ಗುಣಿಸಿದರೆ 6, 0, −2, 0, 6. ಶೃಂಗವು −1ರಿಂದ −2ಕ್ಕೆ ಇಳಿಯಿತು. ಅಲುಗದೆ ನಿಂತವು ಯಾವುವು? ಗೆರೆಯು ಅಡ್ಡಗೆರೆಯನ್ನು ದಾಟುವ 1 ಮತ್ತು 3 ಎಂಬ ಎರಡು ಸ್ಥಳಗಳು. ಇವೇ ಬಹುಪದೋಕ್ತಿಯ ಶೂನ್ಯತೆಗಳು. ಸೊನ್ನೆಯನ್ನು ಯಾವುದರಿಂದ ಗುಣಿಸಿದರೂ ಸೊನ್ನೆಯೇ ಅಲ್ಲವೆ? ವರ್ಗಸಮೀಕರಣದ ಎರಡು ಕಡೆಗಳನ್ನೂ ಒಂದೇ ಸಂಖ್ಯೆಯಿಂದ ಗುಣಿಸಿದರೆ ಉತ್ತರ ಬದಲಾಗದೆಂದು ಉಪಾಧ್ಯಾಯರು ಹೇಳುವುದರ ಚಿತ್ರ ಇದೇ.

ಅದೇ ಬಹುಪದೋಕ್ತಿಯನ್ನು (ಎಕ್ಸ್ − 2)² − 1 ಎಂದೂ ಬರೆಯಬಹುದು. ಈಗ ವರ್ಗದ ಭಾಗವನ್ನು ಮಾತ್ರ ಇಮ್ಮಡಿಸಿ 2(ಎಕ್ಸ್ − 2)² − 1 ಎಂದರೆ ಬೆಲೆಗಳು 7, 1, −1, 1, 7 ಆಗುವುವು. ಈ ಸಲ ಶೃಂಗ ನಿಂತಲ್ಲಿಯೇ ನಿಂತಿತು, ಶೂನ್ಯತೆಗಳು ಸುಮಾರು 1.29 ಮತ್ತು 2.71ಕ್ಕೆ ಸರಿದು ಹತ್ತಿರವಾದುವು. ಆದುದರಿಂದ 2 ಎಂಬುದು ಯಾವುದನ್ನು ಗುಣಿಸುತ್ತಿದೆ, ಇಡೀ ಸಾಲನ್ನೋ ವರ್ಗವನ್ನು ಮಾತ್ರವೋ ಎಂಬುದನ್ನು ಮೊದಲು ನೋಡಿಕೊಳ್ಳಬೇಕು.

ಆವರಣದ ಒಳಗಿನ 2ರ ಮಾತೂ ಹೀಗೆಯೇ. (2 ಎಕ್ಸ್)² ಎಂದರೆ 2 ಎಕ್ಸ್² ಅಲ್ಲ, 4 ಎಕ್ಸ್². ವರ್ಗವು 2ನ್ನೂ ಹಿಡಿದುಕೊಳ್ಳುತ್ತದೆ. ಬಟ್ಟಲನ್ನು ಎರಡೂ ಪಕ್ಕದಿಂದ ಒತ್ತಿ ಅಗಲವನ್ನು ಅರ್ಧಕ್ಕೆ ಇಳಿಸಿದರೂ, ಮೇಲಿನಿಂದ ಹಿಡಿದು ಎತ್ತರವನ್ನು ನಾಲ್ಕರಷ್ಟು ಎಳೆದರೂ, ದೊರೆಯುವುದು ಒಂದೇ ಗೆರೆ.

ಬೆಸಸಂಖ್ಯೆಗಳ ಮೆಟ್ಟಿಲು

ಪರೀಕ್ಷೆಯಲ್ಲಿ ಹೊತ್ತು ಕಡಿಮೆ. ಪರವಲಯವನ್ನು ಬೇಗ ಎಳೆಯಲು ಒಂದು ಸುಲಭ ಮಾರ್ಗವುಂಟು. 0, 1, 4, 9, 16 ಎಂಬುವುಗಳ ನಡುವಣ ಅಂತರಗಳು 1, 3, 5, 7. ಆದುದರಿಂದ ಶೃಂಗದಿಂದ ಹೊರಟು ಒಂದು ಮನೆ ಬಲಕ್ಕೆ, ಒಂದು ಮನೆ ಮೇಲಕ್ಕೆ; ಮತ್ತೊಂದು ಮನೆ ಬಲಕ್ಕೆ, ಮೂರು ಮನೆ ಮೇಲಕ್ಕೆ; ಇನ್ನೊಂದು ಮನೆ ಬಲಕ್ಕೆ, ಐದು ಮನೆ ಮೇಲಕ್ಕೆ ಹೋಗತಕ್ಕದ್ದು. ಗುಣಕವು 2 ಆದರೆ ಪ್ರತಿ ಮೆಟ್ಟಿಲೂ ಇಮ್ಮಡಿ: 2, 6, 10. ½ ಆದರೆ ಅರ್ಧ: ½, 1½, 2½. ನಕ್ಷೆಯನ್ನು ಕೊಟ್ಟು ಗುಣಕವೆಷ್ಟೆಂದು ಕೇಳಿದರೂ ಇದೇ ಉಪಾಯ. ಶೃಂಗದಿಂದ ಒಂದು ಮನೆ ಬಲಕ್ಕೆ ಸರಿದಾಗ ಗೆರೆ ಎಷ್ಟು ಏರಿತೆಂದು ನೋಡಿದರೆ ಅದೇ ಗುಣಕ.

ಈ ಬೆಸಸಂಖ್ಯೆಗಳ ಮೆಟ್ಟಿಲು ಪ್ರಕೃತಿಯಲ್ಲಿಯೇ ಇದೆ. ಬೀಳುವ ವಸ್ತುವು ಸಮಾನ ಕಾಲಾವಧಿಗಳಲ್ಲಿ 1, 3, 5, 7ರ ಪ್ರಮಾಣದಲ್ಲಿ ದೂರವನ್ನು ಕ್ರಮಿಸುವುದೆಂದು ತೋರಿಸಿದವನು ಇಟಲಿಯ ಗೆಲಿಲಿಯೋ. ಎಸೆದ ಕಲ್ಲಿನ ದಾರಿ ಪರವಲಯವೆಂಬುದನ್ನೂ ಆತನು 1638ರ ತನ್ನ ಗ್ರಂಥದಲ್ಲಿ ಸಾಧಿಸಿದನು. ಗಾಳಿಯ ತಡೆಯನ್ನು ಬಿಟ್ಟರೆ, ಭೂಮಿಯ ಮೇಲೆ ಕೈಬಿಟ್ಟ ವಸ್ತು ಮೊದಲ ಸೆಕೆಂಡಿನಲ್ಲಿ ಸುಮಾರು 4.9 ಮೀಟರು, ಎರಡನೆಯದರಲ್ಲಿ 14.7, ಮೂರನೆಯದರಲ್ಲಿ 24.5 ಮೀಟರು ಬೀಳುತ್ತದೆ. ಒಟ್ಟು ದೂರವನ್ನು ಕಾಲದೊಡನೆ ನಕ್ಷೆ ಬರೆದರೆ ಅದು ಗುಣಕ 4.9ರ ಪರವಲಯ. ಚಂದ್ರನ ಮೇಲೆ ಆಕರ್ಷಣೆ ಸುಮಾರು ಆರರಲ್ಲೊಂದು ಪಾಲು. ಅಲ್ಲಿ ಗುಣಕ ಸುಮಾರು 0.81. ಮೊದಲ ಸೆಕೆಂಡಿಗೆ 0.81 ಮೀಟರು, ಎರಡನೆಯದಕ್ಕೆ 2.43, ಮೂರನೆಯದಕ್ಕೆ 4.05. 1971ರಲ್ಲಿ ಅಪೊಲೊ 15ರ ಯಾತ್ರಿಕ ಡೇವಿಡ್ ಸ್ಕಾಟ್ ಚಂದ್ರನ ಮೇಲೆ ನಿಂತು ಸುತ್ತಿಗೆಯನ್ನೂ ಹಕ್ಕಿಯ ಗರಿಯನ್ನೂ ಒಟ್ಟಿಗೆ ಕೈಬಿಟ್ಟಾಗ ಅವೆರಡೂ ಒಟ್ಟಿಗೆ, ನಿಧಾನವಾಗಿ ನೆಲ ಮುಟ್ಟಿದುವು. ಭೂಮಿಯ ಪರವಲಯವನ್ನು ಕುಗ್ಗಿಸಿದರೆ ಚಂದ್ರನ ಪರವಲಯ ದೊರೆಯುವುದೆಂಬುದಕ್ಕೆ ಇದಕ್ಕಿಂತ ಚೆಲುವಾದ ದೃಷ್ಟಾಂತ ಬೇಕೆ?

ಮನೆಯ ಮಾಳಿಗೆಯ ಮೇಲಿನ ಟಿ.ವಿ. ಡಿಶ್ಶು ಕೂಡ ಪರವಲಯವೇ. ವೈ = ಎ ಎಕ್ಸ್² ಎಂಬ ಆಕಾರದ ತಟ್ಟೆಯು, ತನ್ನ ಅಕ್ಷಕ್ಕೆ ಸಮಾನಾಂತರವಾಗಿ ಬಂದ ಅಲೆಗಳನ್ನೆಲ್ಲ ಒಂದೇ ಬಿಂದುವಿಗೆ ಕೂಡಿಸುವುದು. ಆ ಬಿಂದು ಶೃಂಗದಿಂದ ಎಷ್ಟು ದೂರವೆಂದರೆ, 1ನ್ನು 4 ಎ ಎಂಬುದರಿಂದ ಭಾಗಿಸಿದಷ್ಟು. ಗುಣಕವು 1 ಆದರೆ ¼ ದೂರ, ಗುಣಕವು ¼ಕ್ಕೆ ಕುಗ್ಗಿದರೆ 1 ದೂರ. ಆಳವಾದ ತಟ್ಟೆಗೆ ಕೂಡುವ ಬಿಂದು ಹತ್ತಿರ, ಮಟ್ಟಸವಾದ ತಟ್ಟೆಗೆ ದೂರ. ಪುಣೆಯ ಉತ್ತರಕ್ಕೆ ನಾರಾಯಣಗಾಂವದ ಬಳಿ, ಖೋಡದ್ ಎಂಬಲ್ಲಿನ ರೇಡಿಯೋ ದೂರದರ್ಶಕದಲ್ಲಿ 45 ಮೀಟರು ಅಗಲದ ಇಂಥ ತಟ್ಟೆಗಳು 30 ಇವೆ. ಬೆಂಗಳೂರಿನ ಸಮೀಪದ ಬ್ಯಾಲಾಳುವಿನಲ್ಲಿ 32 ಮೀಟರಿನ ತಟ್ಟೆಯೊಂದು 2008ರ ಚಂದ್ರಯಾನದ ಸಂದೇಶಗಳನ್ನು ಹಿಡಿಯಿತು. ಅಂಥ ತಟ್ಟೆಯನ್ನು ರೂಪಿಸುವ ಎಂಜಿನಿಯರನೂ ಒಂದು ದಿನ 2 ಎಕ್ಸ್² ಬರೆಯಲು ಕುಳಿತವನೇ.

ಹೇಳಿಕೊಡುವವರಿಗೆ ಕೆಲವು ಸೂಚನೆಗಳು

ತಮ್ಮಂದಿರಿಗೆ ಭಾನುವಾರ ಪಾಠ ಹೇಳುವ ಗುಮಾಸ್ತ ಬಂಧುಗಳು ಈ ಮಾತುಗಳನ್ನು ಗಮನದಲ್ಲಿಡಬೇಕೆಂದು ವಿನಂತಿ.

ಮೊದಲನೆಯದಾಗಿ, ಹಿಗ್ಗು ಕುಗ್ಗು ಎಂಬ ಹೆಸರುಗಳನ್ನು ಆರಂಭದಲ್ಲಿಯೇ ಹೇಳಬೇಡಿ. ಮೂರು ಸಾಲುಗಳ ಪಟ್ಟಿಯನ್ನು ಕಲಿಯುವವನೇ ತುಂಬಲಿ, ಚುಕ್ಕೆಗಳನ್ನು ಅವನೇ ಇಡಲಿ. "ಏನು ಕಾಣಿಸಿತು, ತಮ್ಮಾ?" ಎಂದು ಕೇಳಿ, ಅವನು ತನ್ನ ಮಾತಿನಲ್ಲಿ ಹೇಳಿದ ಮೇಲೆ ಹೆಸರನ್ನು ಕೊಡಿ.

ಎರಡನೆಯದಾಗಿ, ಮೂರು ಗೆರೆಗಳನ್ನೂ ಒಂದೇ ಕಾಗದದ ಮೇಲೆ, ಒಂದೇ ಅಳತೆಯಲ್ಲಿ ಬರೆಯಿಸಿ. 1 ಸೆಂಟಿಮೀಟರಿಗೆ 1 ಎಂದು ಹಿಡಿದು ಬರೆದ 2 ಎಕ್ಸ್², ಎರಡೂ ಅಕ್ಷಗಳ ಮೇಲೆ 1 ಸೆಂಟಿಮೀಟರಿಗೆ 2 ಎಂದು ಹಿಡಿದು ಬರೆದ ಎಕ್ಸ್² ಇವೆರಡೂ ಕಾಗದದ ಮೇಲೆ ಒಂದೇ ಆಗಿ ಕಾಣುವುವು. ಎಲ್ಲ ವೃತ್ತಗಳೂ ಒಂದೇ ಆಕಾರದವಾಗಿರುವಂತೆ ಎಲ್ಲ ಪರವಲಯಗಳೂ ಒಂದೇ ಆಕಾರದವು. ಹತ್ತಿರದಿಂದ ನೋಡಿದರೆ ಅಗಲ, ದೂರದಿಂದ ನೋಡಿದರೆ ಇಕ್ಕಟ್ಟು. ಆದುದರಿಂದ ಅಳತೆಯನ್ನು ಬರೆಯದ ನಕ್ಷೆಯಿಂದ ಗುಣಕವನ್ನು ಊಹಿಸುವುದು ಸಲ್ಲದು.

ಮೂರನೆಯದಾಗಿ, ಗೆರೆಯನ್ನು ಸ್ಕೇಲಿನಿಂದ ಎಳೆಯಲು ಬಿಡಬೇಡಿ. ಚುಕ್ಕೆಯಿಂದ ಚುಕ್ಕೆಗೆ ನೆಟ್ಟಗೆ ಎಳೆದರೆ ಶೃಂಗವು ಚೂಪಾಗುತ್ತದೆ. ಪರವಲಯದ ತಳ ಯಾವಾಗಲೂ ದುಂಡಗೆ. ಬೇಕಾದರೆ ½ ಮತ್ತು 1½ರಲ್ಲಿಯೂ ಚುಕ್ಕೆಯಿಡಿಸಿ.

ಕೊನೆಯದಾಗಿ, ಮರುದಿನ ಪಟ್ಟಿಯಿಲ್ಲದೆ ಕೇಳಿ. ಇದೋ ಮೂರು ಪ್ರಶ್ನೆಗಳು. ಒಂದು: ಶೃಂಗವು ಮೂಲಬಿಂದುವಿನಲ್ಲಿದ್ದು, ಎಕ್ಸ್ 2 ಆದಾಗ ವೈ 12 ಆಗುವ ಮೇಲ್ಮುಖ ಪರವಲಯದ ಗುಣಕವೆಷ್ಟು? ಎರಡು: ವೈ = −¼ ಎಕ್ಸ್² ಎಂಬುದು ಎಕ್ಸ್²ಕ್ಕಿಂತ ಹೇಗೆ ಭಿನ್ನ? ಮೂರು: (3 ಎಕ್ಸ್)² ಎಂಬಲ್ಲಿ ಎತ್ತರ ಎಷ್ಟು ಪಟ್ಟು? ಉತ್ತರಗಳು ಕ್ರಮವಾಗಿ ಹೀಗೆ: 12ನ್ನು 2ರ ವರ್ಗವಾದ 4ರಿಂದ ಭಾಗಿಸಿ, 3, ಬೋರಲಾಗಿ, ಕಾಲುಭಾಗಕ್ಕೆ ಕುಗ್ಗಿ, ಅದೇ ಆಳದಲ್ಲಿ ಎರಡರಷ್ಟು ಅಗಲವಾಗಿರುವುದು, 9 ಪಟ್ಟು.

ಹೋಟೆಲು ಮಾಲೀಕರಲ್ಲಿಯೂ ಒಂದು ಮಾತು. ಪರೀಕ್ಷೆಗೆ ಕಟ್ಟಿದ ತರುಣನಿಗೆ ಹೇಳಿಕೊಡಲು ನಮ್ಮಲ್ಲಿ ಎಲ್ಲರಿಗೂ ಸಾಧ್ಯವಾಗದು, ಎಸ್.ಎಸ್.ಎಲ್.ಸಿ.ಯವರೆಗೆ ಓದಿದವರೇ ನಮ್ಮಲ್ಲಿ ಹೆಚ್ಚು. ಆದರೆ ರಾತ್ರಿ ಒಂದು ಗಂಟೆ ಮೊದಲು ಕೆಲಸದಿಂದ ಬಿಡುವುದು, ಮಲಗುವ ಕೋಣೆಯಲ್ಲಿ ಓದಲು ತಕ್ಕ ಬೆಳಕಿನ ಏರ್ಪಾಡು ಮಾಡುವುದು, ನಕ್ಷೆಯ ಕಾಗದದ ಒಂದು ಪುಸ್ತಕ ತೆಗೆದುಕೊಡುವುದು ಯಾರಿಗೂ ಅಸಾಧ್ಯವಲ್ಲ. ಗಲ್ಲೆಯ ಲೆಕ್ಕದಲ್ಲಿ ಇದು ಖರ್ಚೆಂದು ಕಾಣಬಹುದು. ಟ್ರಂಕಿನೊಳಗೆ ಹೋಗಲಿದ್ದ ಪುಸ್ತಕವು ಮೇಜಿನ ಮೇಲೆ ಉಳಿಯುವುದಾದರೆ, ಆ ಖರ್ಚಿಗೆ ಯಾವ ಮಾಲೀಕನೂ ವಿಷಾದಿಸಲಾರನು.